ಅಂಬಾಸಿಡರ್‌ನ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಲಾ? ಅನುಭವ ಇದ್ದವರು ಹೇಳಿ

ಪೆರ್ಲದ ಮಾರ್ಕ್ ತ್ರೀ

ನಮಸ್ಕಾರ. ಅಪ್ಪ ತೆಗೆದ ಅಂಬಾಸಿಡರ್ ಒಂದು ನಮ್ಮ ಮನೆಯಲ್ಲಿ ಉಂಟು. ಮಾರ್ಕ್ 3, 1978ರದ್ದು, 1489 ಸಿಸಿ ಪೆಟ್ರೋಲ್. ಇಂಜಿನ್ ಕೆಲಸ ಮಾಡಿಸಿ ನಾಲ್ಕು ವರ್ಷ ಆಯಿತು. ಓಟ ಜಾಸ್ತಿ ಇಲ್ಲ. ತಿಂಗಳಿಗೆ ಎರಡು ಸಲ ಕಾಸರಗೋಡು ಪೇಟೆ, ಆಗಾಗ ಮಧೂರು, ಮತ್ತೆ ಹತ್ತಿರದಲ್ಲಿ ಯಕ್ಷಗಾನದ ಆಟ ಇದ್ದರೆ ಅಲ್ಲಿಗೆ.

ಸಮಸ್ಯೆ ಎಂತ ಅಂದರೆ ಮಿಸ್ಸಿಂಗ್, ಇಂಜಿನ್ ನಡುನಡುವೆ ಉರಿಯುವುದು ತಪ್ಪಿಸುತ್ತದೆ. ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗುತ್ತದೆ. ನಿಂತಲ್ಲಿ ಹದವಾಗಿ ಓಡುತ್ತದೆ. ಏರಿನಲ್ಲಿ ಕಾಲು ಒತ್ತಿ ಹಿಡಿದರೆ ಒಳ್ಳೆ ಎತ್ತಿನ ಹಾಗೆ ಹತ್ತುತ್ತದೆ. ಬದಿಯಡ್ಕ ದಾಟಿ ಸಮ ರಸ್ತೆ ಸಿಕ್ಕಿ 50ರಲ್ಲಿ ಹಗುರಕ್ಕೆ ಹೋಗುವಾಗ ಕೆಮ್ಮಲು ಶುರು. ಸೈಲೆನ್ಸರಿನಲ್ಲಿ ಡಬ್ ಡಬ್. ಹಿಂದೆ ಕೂತ ಅಮ್ಮನಿಗೆ ದೇವರ ನೆನಪಾಗುತ್ತದೆ.

ಕಳೆದ ವಾರ ಚೆರ್ಕಳದ ಹತ್ತಿರ ನಿಂತೇ ಹೋಯಿತು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿ) ಕ್ಯಾಪ್ ತೆಗೆದು, ಪಾಯಿಂಟಿಗೆ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್) ಅರಕಾಗದ ಹಾಕಿ ಉಜ್ಜಿ, ಗ್ಯಾಪ್ ಇಟ್ಟು, ಪುನಃ ಹೊರಟೆ. ಮನೆಯವರೆಗೆ ಸರಿಯಾಗಿ ಬಂತು. ಎರಡು ದಿನ ಕಳೆದು ಮತ್ತೆ ಅದೇ ಕಥೆ. ಒಂದು ವರ್ಷದಲ್ಲಿ ಮೂರು ಸೆಟ್ ಪಾಯಿಂಟ್, ಪಾಯಿಂಟ್ ಸುಡದ ಹಾಗೆ ನೋಡುವ ಕಂಡೆನ್ಸರ್ ಎರಡು, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಒಂದು ಬದಲಾಯಿಸಿದ್ದೇನೆ. ಸಾಕಾಯಿತು.

ಆನ್‌ಲೈನಿನಲ್ಲಿ ಎಲೆಕ್ಟ್ರಾನಿಕ್ ಇಗ್ನಿಷನ್ (ಕಿಡಿ ಕೊಡುವ) ಕಿಟ್ ನೋಡಿದೆ. ಪಾಯಿಂಟ್ ಜಾಗದಲ್ಲಿ ಸಣ್ಣ ಒಂದು ಮಾಡ್ಯೂಲ್, ರೋಟರಿನ ಕೆಳಗೆ ಅಯಸ್ಕಾಂತದ ಬಳೆ. ನಾಲ್ಕು ಸಾವಿರ ಚಿಲ್ಲರೆ. ಹಾಕಿಸಬಹುದಾ? ಹಾಕಿದವರು ಯಾರಾದರೂ ಇದ್ದೀರಾ?

ಉಪ್ಪಳದ ಹುಡುಗ, ಈಗ ಬೆಂಗಳೂರು

ಹಾಕಿ. ಇದರಲ್ಲಿ ಯೋಚನೆ ಮಾಡಲಿಕ್ಕೆ ಏನೂ ಇಲ್ಲ.

ಹೊಸಂಗಡಿ ಸ್ಕೂಟರ್

ಹಾಕಬೇಡಿ. ಇದರಲ್ಲಿಯೂ ಯೋಚನೆ ಮಾಡಲಿಕ್ಕೆ ಏನೂ ಇಲ್ಲ. 😄

ಕುಂಬಳೆ ವೈರಿಂಗ್

ನಾನು ಆಟೋ ಎಲೆಕ್ಟ್ರಿಷಿಯನ್. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಕಿಟ್ ಹಾಕಿಸಿಕೊಂಡು ಖುಷಿಯಾಗಿ ಹೋದವರನ್ನೂ ನೋಡಿದ್ದೇನೆ, ಟೆಂಪೊದಲ್ಲಿ ಹೇರಿಕೊಂಡು ವಾಪಸ್ ಬಂದವರನ್ನೂ ನೋಡಿದ್ದೇನೆ. ಪಾಯಿಂಟ್ ಹಾಳಾಗುವಾಗ ಹೇಳಿ ಹಾಳಾಗುತ್ತದೆ. ಸ್ಟಾರ್ಟಿಂಗ್ ಸ್ವಲ್ಪ ಕಷ್ಟ, ಪಿಕಪ್ ಸ್ವಲ್ಪ ಕಡಿಮೆ, ಹಾಗೆ. ಮಾಡ್ಯೂಲ್ ಹಾಗಲ್ಲ. ಹೋಯಿತು ಅಂದರೆ ಹೋಯಿತು. ನಡುರಾತ್ರಿ ಆಟ ಮುಗಿಸಿ ಬರುವಾಗ ಹೋದರೆ ನೀವು ಚಂಡೆ ಬಾರಿಸಿಕೊಂಡು ಕೂರಬೇಕು ಅಷ್ಟೆ.

ಉಪ್ಪಳದ ಹುಡುಗ, ಈಗ ಬೆಂಗಳೂರು

ಅಣ್ಣಾ, ಅನುಭವಕ್ಕೆ ಮರ್ಯಾದೆ ಕೊಟ್ಟೇ ಹೇಳುತ್ತೇನೆ. ಲೆಕ್ಕ ನೋಡುವ. ನಾಲ್ಕು ಸಿಲಿಂಡರ್ ಇಂಜಿನ್ 3000 ಆರ್‌ಪಿಎಂನಲ್ಲಿ ತಿರುಗುವಾಗ ನಿಮಿಷಕ್ಕೆ 6000 ಕಿಡಿ ಬೇಕು. ಸೆಕೆಂಡಿಗೆ 100. ಅಂದರೆ ಅಷ್ಟು ಸಣ್ಣ ಆ ಪಾಯಿಂಟ್ ಒಂದು ಸೆಕೆಂಡಿನಲ್ಲಿ ನೂರು ಸಲ ತೆರೆದು ಮುಚ್ಚಬೇಕು. ಪ್ರತಿ ಸಲ ಸುಮಾರು ನಾಲ್ಕು ಆಂಪಿಯರ್ ಕರೆಂಟ್ ಕಡಿಯಬೇಕು. ಅದರ ನಾರಿನ ಹಿಮ್ಮಡಿ ಅದನ್ನು ತೆರೆಯುವ ತಿರುಗುವ ಕ್ಯಾಮಿಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಸವೆದ ಹಾಗೆ ಗ್ಯಾಪ್ ಕಡಿಮೆ, ಗ್ಯಾಪ್ ಕಡಿಮೆ ಆದ ಹಾಗೆ ಕಿಡಿಯ ಟೈಮಿಂಗ್ ಹಿಂದಕ್ಕೆ. ಇದು ಯಾರ ತಪ್ಪೂ ಅಲ್ಲ, ಅದರ ಜಾತಕವೇ ಅದು. ಕಿಟ್‌ನಲ್ಲಿರುವುದು ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್, ಅದರಲ್ಲಿ ಒಂದಕ್ಕೊಂದು ತಾಗುವ ವಸ್ತುವೇ ಇಲ್ಲ. ಸವೆಯುವುದು ಎಲ್ಲಿಂದ?

ಕುಂಬಳೆ ವೈರಿಂಗ್

ಸವೆಯುವುದಿಲ್ಲ ತಮ್ಮಾ. ಸುಡುತ್ತದೆ.

ನಿವೃತ್ತ ಮಾಷ್ಟ್ರು, ನೀರ್ಚಾಲು

ಸ್ವಲ್ಪ ಚರಿತ್ರೆ ಹೇಳಿದರೆ ಬೇಜಾರಿಲ್ಲ ಅಲ್ವಾ? ಬ್ಯಾಟರಿ, ಕಾಯಿಲ್, ಪಾಯಿಂಟ್ ಇರುವ ಈ ವ್ಯವಸ್ಥೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಮಾಡಿದ್ದು. 1910ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಎರಡು ವರ್ಷ ಬಿಟ್ಟು ಸೆಲ್ಫ್ ಸ್ಟಾರ್ಟರ್ ತಂದದ್ದೂ ಅವನೇ. ಪಾಯಿಂಟ್ ಇಲ್ಲದ ಇಗ್ನಿಷನ್‌ ಅನ್ನು ಅಲ್ಲಿಯ ತನ್ನ ಎಲ್ಲ ಕಾರುಗಳಿಗೂ ಕ್ರೈಸ್ಲರ್ ಕೊಟ್ಟದ್ದು 1973ರಲ್ಲಿ. ಅಂದರೆ ಪೆರ್ಲದ ಈ ಕಾರು ಕಾರ್ಖಾನೆಯಿಂದ ಹೊರಗೆ ಬರುವಾಗಲೇ ಎಲೆಕ್ಟ್ರಾನಿಕ್ ಹಳತಾಗಿತ್ತು. ನಮಗೆ ಬರಲು ತಡವಾಯಿತು ಅಷ್ಟೆ.

ಇನ್ನೊಂದು ತಮಾಷೆ. 1978ರಲ್ಲಿ ಕಾಸರಗೋಡು ಜಿಲ್ಲೆಯೇ ಇರಲಿಲ್ಲ. ನಾವೆಲ್ಲ ಕಣ್ಣೂರು ಜಿಲ್ಲೆಯವರು. ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ನಿಮ್ಮ ಕಾರು ಜಿಲ್ಲೆಗಿಂತ ಆರು ವರ್ಷ ದೊಡ್ಡದು. ಅದಕ್ಕೆ ಸ್ವಲ್ಪ ಕೆಮ್ಮು ಇದ್ದರೆ ತಪ್ಪಲ್ಲ.

ಬೇಳದ ಪದ್ಮಿನಿ

ಮಾಷ್ಟ್ರೇ, ಕಡ್ಡಾಯ ಅಲ್ಲದೆ ಬೇಕಾದವರಿಗೆ ಅಂತ 1963ರಲ್ಲೇ ಪಾಂಟಿಯಾಕ್‌ನಲ್ಲಿ ಸಿಗುತ್ತಿತ್ತು. ಸಣ್ಣ ತಿದ್ದುಪಡಿ.

ನಿವೃತ್ತ ಮಾಷ್ಟ್ರು, ನೀರ್ಚಾಲು

ಒಪ್ಪಿದೆ. ಮಾರ್ಕ್ ಕೊಟ್ಟಿದ್ದೇನೆ.

ಮಂಜೇಶ್ವರ ಹೆರಾಲ್ಡ್

ನನ್ನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಅಂಥ ಕಿಟ್ ಹಾಕಿ ಮೂರು ವರ್ಷ ಆಯಿತು. ಒಂದು ದಿನ ಕೈಕೊಟ್ಟಿಲ್ಲ. ಸ್ಟಾರ್ಟಿಂಗ್ ಭಾರೀ ಚಂದ. ಆದರೆ ಹಾಕುವಾಗ ಮೂರು ವಿಷಯ ನೋಡಲೇಬೇಕು. ನಾನು ಎರಡನ್ನು ನೋಡಿದೆ, ಮೂರನೆಯದಕ್ಕೆ ಮೊದಲನೆಯ ಕಿಟ್ ಬಲಿ ಕೊಟ್ಟೆ.

ಹಳೆ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಕಾರಿನ ಲೋಹದ ಮೈಗೆ ಜೋಡಿಸಿ ಅರ್ಥ್ ಮಾಡಿರುವುದುಂಟು. ನೆಗೆಟಿವ್ ಅರ್ಥ್ ಕಾರಿನ ಕಿಟ್ ತಂದು ಅದಕ್ಕೆ ಕೊಟ್ಟರೆ ಕೀ ತಿರುಗಿಸಿದ ಕೂಡಲೇ ಹೊಗೆ. ನನ್ನದು ಮೊದಲೇ ಯಾರೋ ನೆಗೆಟಿವ್ ಅರ್ಥ್ ಮಾಡಿದ್ದರು, ಬಚಾವ್. ಎರಡನೆಯದು ಕಾಯಿಲ್. ಮೀಟರ್ ಇಟ್ಟು ಪ್ರೈಮರಿ ಸುತ್ತಿನ ರೆಸಿಸ್ಟೆನ್ಸ್ ನೋಡಿ. ಸುಮಾರು ಮೂರು ಓಮ್ ಇದ್ದರೆ ಸರಿ. ಒಂದೂವರೆ ಓಮಿನ ಕಾಯಿಲ್ ಬರುವುದು ಕರೆಂಟ್ ತಗ್ಗಿಸುವ ಬಲಾಸ್ಟ್ ರೆಸಿಸ್ಟರ್ ಇರುವ ಕಾರಿಗೆ. ಅದನ್ನು ಹಾಗೆಯೇ 12 ವೋಲ್ಟಿಗೆ ಕೊಟ್ಟರೆ ಎಂಟು ಆಂಪಿಯರ್ ಎಳೆಯುತ್ತದೆ, ಮಾಡ್ಯೂಲ್ ತಡೆಯುವುದಿಲ್ಲ.

ಮೂರನೆಯದು ನಾಚಿಕೆಗೇಡು. ಇಂಜಿನ್ ಆಫ್ ಆಗಿ ಕೀ ಆನ್ ಇದ್ದರೆ ಕೆಲವು ಮಾಡ್ಯೂಲ್ ಕಾಯಿಲಿಗೆ ಕರೆಂಟ್ ಬಿಡುತ್ತಲೇ ಇರುತ್ತವೆ. ಮಗ ಕಾರಿನಲ್ಲಿ ಕೂತು ಕೀ ತಿರುಗಿಸಿ ರೇಡಿಯೋ ಕೇಳಿದ. ಒಂದು ಗಂಟೆ. ಕಿಟ್ ಹೋಯಿತು, ಕಾಯಿಲ್ ಕೈ ಇಡಲಾಗದಷ್ಟು ಬಿಸಿ. ಈಗ ರೇಡಿಯೋಗೆ ಬೇರೆ ಸ್ವಿಚ್.

ಹೊಸಂಗಡಿ ಸ್ಕೂಟರ್

ಮಗ ಬೇರೆ ಸಿಗುವುದಿಲ್ಲ, ಸ್ವಿಚ್ ಸಿಗುತ್ತದೆ. ಒಳ್ಳೆ ತೀರ್ಮಾನ.

ಉಪ್ಪಳದ ಹುಡುಗ, ಈಗ ಬೆಂಗಳೂರು

ಪಾಯಿಂಟ್ ಇದ್ದರೂ ಅದೇ ಆಗುತ್ತದಲ್ಲ? ಪಾಯಿಂಟ್ ಮುಚ್ಚಿದ ಜಾಗದಲ್ಲಿ ಇಂಜಿನ್ ನಿಂತಿದ್ದರೆ ಕೀ ಆನ್ ಇದ್ದಷ್ಟು ಹೊತ್ತು ಕಾಯಿಲ್ ಕಾಯುತ್ತದೆ. ಕಿಟ್‌ಗೆ ಮಾತ್ರ ಯಾಕೆ ಬೈಯುವುದು?

ಕುಂಬಳೆ ವೈರಿಂಗ್

ಕಾಯುತ್ತದೆ. ಆದರೆ ಪಾಯಿಂಟ್ ನೀಲಿ ಆದರೆ ಅರಕಾಗದದಲ್ಲಿ ಉಜ್ಜಿ ಮನೆಗೆ ಹೋಗಬಹುದು. ಮಾಡ್ಯೂಲ್ ಉಜ್ಜಿ ನೋಡು ನೀನು.

ಬೇಕಾದರೆ ನಡುವಿನ ದಾರಿ ಉಂಟು. ಪಾಯಿಂಟ್ ಹಾಗೆಯೇ ಇರಲಿ. ಹೊರಗೆ ಒಂದು ಟ್ರಾನ್ಸಿಸ್ಟರ್ ಡಬ್ಬಿ ಹಾಕುವುದು. ಕಾಯಿಲಿನ ದೊಡ್ಡ ಕರೆಂಟ್ ಡಬ್ಬಿ ಕಡಿಯುತ್ತದೆ, ಪಾಯಿಂಟ್ ಬರೀ ಸನ್ನೆ ಮಾಡುತ್ತದೆ. ಪಾಯಿಂಟ್ ಸುಡುವುದಿಲ್ಲ. ಡಬ್ಬಿ ಹೋದರೆ ಎರಡು ವೈರ್ ಬದಲಾಯಿಸಿ ಹಳೆ ಪದ್ಧತಿಗೆ ಬರಬಹುದು, ಐದು ನಿಮಿಷದ ಕೆಲಸ. ಹಿಮ್ಮಡಿ ಸವೆಯುವುದು ಮಾತ್ರ ಇದ್ದೇ ಇರುತ್ತದೆ, ಕ್ಯಾಮಿಗೆ ಒಂದು ಚಿಟಿಕೆ ಗ್ರೀಸ್ ತಪ್ಪಿಸಬಾರದು. ಚಿಟಿಕೆ ಅಂದರೆ ಚಿಟಿಕೆ. ಮೊನ್ನೆ ಒಬ್ಬರು ಬೆಣ್ಣೆ ಹಚ್ಚಿದ ಹಾಗೆ ಹಚ್ಚಿ ತಂದಿದ್ದರು, ಹಾರಿ ಪಾಯಿಂಟಿನ ಮುಖಕ್ಕೇ ಕೂತಿತ್ತು.

ಬೇಳದ ಪದ್ಮಿನಿ

ಪದ್ಮಿನಿ ಅಂತ ಹೆಸರು ಕಾರಿನದ್ದು. ಆದರೆ ಅಕ್ಕ ಅಂದರೂ ತಪ್ಪಿಲ್ಲ, ಓಡಿಸುವುದು ನಾನೇ.

ನಮ್ಮ ಮಾವ, ಅಂದರೆ ಯಜಮಾನರ ಅಪ್ಪ, ಪಾಯಿಂಟ್ ಗ್ಯಾಪ್ ಇಡಲು ಫೀಲರ್ ಗೇಜ್ ಮುಟ್ಟಿದ್ದನ್ನು ನಾನು ನೋಡಿಲ್ಲ. ಶೇವಿಂಗ್ ಬ್ಲೇಡ್ ನಾಲ್ಕು ಜೋಡಿಸಿ ತೂರಿಸಿ ನೋಡುತ್ತಿದ್ದರು. ಒಂದು ಬ್ಲೇಡ್ ಹತ್ತಿರ ಹತ್ತಿರ 0.1 ಮಿ.ಮೀ. ದಪ್ಪ, ನಾಲ್ಕಾದರೆ 0.4. ನಾನು ಆಮೇಲೆ ಗೇಜ್ ಇಟ್ಟು ಪರೀಕ್ಷೆ ಮಾಡಿದೆ, ಸರಿಯೇ ಇತ್ತು. ತೋಟಕ್ಕೆ ಮದ್ದು ಬಿಡುವ ಹಳೆ ಪಂಪಿನ ಇಂಜಿನಿಗೂ ಪಾಯಿಂಟೇ ಇದ್ದದ್ದು. ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ಹೊಡೆಯುವ ಹೊತ್ತಿಗೆ ಅದು ಮುಷ್ಕರ ಹೂಡುವುದು, ಇವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಬ್ಲೇಡ್ ತೂರಿಸುವುದು. ಆ ನಾಲ್ಕು ಬ್ಲೇಡ್ ಕಾಗದದಲ್ಲಿ ಸುತ್ತಿ ಈಗಲೂ ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಉಂಟು.

ನನ್ನ ಅಭಿಪ್ರಾಯ ಕೇಳಿದರೆ ಪಾಯಿಂಟೇ ಇರಲಿ. ಆದರೆ ಈಗ ಸಿಗುವ ಕಂಡೆನ್ಸರ್‌ಗಳ ಗುಣಮಟ್ಟಕ್ಕೆ ಮಾತ್ರ ಕೈ ಮುಗಿಯಬೇಕು. ಹೊಸ ಡಬ್ಬಿಯಿಂದ ತೆಗೆದದ್ದು ಬಿಸಿಯಾದರೆ ಸಾಯುತ್ತದೆ. ಹಳೆ ಅಂಗಡಿಗಳಲ್ಲಿ ಧೂಳು ಹಿಡಿದ ಹಳೆ ಸ್ಟಾಕ್ ಸಿಕ್ಕಿದರೆ ಬಿಡಬೇಡಿ.

ಉಪ್ಪಳದ ಹುಡುಗ, ಈಗ ಬೆಂಗಳೂರು

ಅಕ್ಕಾ, ಕಂಡೆನ್ಸರ್ ಸಾಯುತ್ತದೆ, ಪಾಯಿಂಟ್ ಸವೆಯುತ್ತದೆ, ಹಳೆ ಸ್ಟಾಕ್ ಹುಡುಕಬೇಕು, ಬ್ಲೇಡ್ ಜೋಡಿಸಬೇಕು. ಇದೆಲ್ಲ ಕಿಟ್ ಹಾಕಿ ಅಂತ ಹೇಳುವುದಕ್ಕೆ ಕಾರಣ ಆಗಬೇಕು. ನೀವು ಹಾಕಬೇಡಿ ಅನ್ನಲು ಅದನ್ನೇ ಹೇಳುತ್ತಿದ್ದೀರಿ.

ಬೇಳದ ಪದ್ಮಿನಿ

ಮದುವೆ ಆಗಿದೆಯಾ ನಿನಗೆ? ಆದ ಮೇಲೆ ಅರ್ಥ ಆಗುತ್ತದೆ.

ಕಾಸರಗೋಡು ಪೇಟೆ

ನನ್ನ ಪ್ರಕಾರ ಇದು ಕರೆಂಟಿನ ಸಮಸ್ಯೆಯೇ ಅಲ್ಲ. ಪೆಟ್ರೋಲಿನದ್ದು. ಬಂಕಿನಲ್ಲಿ ಈಗ ಬರುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಹಳೆ ಕಾರಿನ ರಬ್ಬರ್ ಪೈಪ್, ಪಂಪಿನ ಡಯಾಫ್ರಮ್ ಅದಕ್ಕೆ ಹೇಳಿದ್ದಲ್ಲ. ಪಂಪ್ ಬಿಸಿಯಾಗಿ ಪೆಟ್ರೋಲ್ ಒಳಗೇ ಆವಿಯಾಗುತ್ತದೆ, ಇಂಜಿನ್ ನಿಲ್ಲುತ್ತದೆ, ತಣಿದ ಮೇಲೆ ಓಡುತ್ತದೆ. ಬೈರಾಸು (ಟವೆಲ್) ಒದ್ದೆ ಮಾಡಿ ಪಂಪಿನ ಮೇಲೆ ಹಾಕಿ ನೋಡಿ.

ಹೊಸಂಗಡಿ ಸ್ಕೂಟರ್

ತಲಪಾಡಿ ದಾಟಿ ಕರ್ನಾಟಕದ ಪೆಟ್ರೋಲ್ ಹಾಕಿಸಿ. ಕಡಿಮೆ ರೇಟು. ಕಾರು ಕೂಡ ಕನ್ನಡದಲ್ಲಿ ಕೆಮ್ಮುತ್ತದೆ.

ಕಾಸರಗೋಡು ಪೇಟೆ

ಅಲ್ಲಿಯೂ ಅದೇ 20 ಪರ್ಸೆಂಟ್ ಮಾರಾಯ್ರೆ. ಹೆದ್ದಾರಿಯ ಕೆಲಸದ ಧೂಳು ಕುಡಿದುಕೊಂಡು ತಲಪಾಡಿಗೆ ಹೋಗಿ ಬರುವ ಖರ್ಚಿನಲ್ಲಿ ಉಳಿದದ್ದೆಲ್ಲ ಹೋಗುತ್ತದೆ.

ಹೊಸಂಗಡಿ ಸ್ಕೂಟರ್

ಹೊಸಂಗಡಿಯಿಂದ ಹೋದರೆ ಹೋಗುವುದಿಲ್ಲ. ಎಲ್ಲರೂ ನಮ್ಮಷ್ಟು ಪುಣ್ಯವಂತರಲ್ಲ.

ಬಾಯಾರಿನ ಓದುಗ

ಮಾರುತಿ 800ರ ಡಿಸ್ಟ್ರಿಬ್ಯೂಟರ್ ಗುಜರಿಯಲ್ಲಿ ಬೇಕಾದಷ್ಟು ಸಿಗುತ್ತದಲ್ಲ. ಅದು ಎಲೆಕ್ಟ್ರಾನಿಕ್. ಅದನ್ನೇ ಕೂರಿಸಿದರೆ ಆಗದಾ?

ಕುಂಬಳೆ ವೈರಿಂಗ್

800ರದ್ದು ಮೂರು ಸಿಲಿಂಡರ್. ನಾಲ್ಕನೆಯದಕ್ಕೆ ಕಿಡಿ ನೀವು ಬೆಂಕಿಪೆಟ್ಟಿಗೆಯಲ್ಲಿ ಕೊಡುತ್ತೀರಾ?

ಬಾಯಾರಿನ ಓದುಗ

ಓ. ಸರಿ.

ನಿವೃತ್ತ ಮಾಷ್ಟ್ರು, ನೀರ್ಚಾಲು

ಕಿಟ್ ಹಾಕಿದರೆ ವಿಂಟೇಜ್ ರಿಜಿಸ್ಟ್ರೇಷನ್‌ಗೆ ತೊಂದರೆ ಆಗಬಹುದಾ ಅಂತ ಒಂದು ಸಂಶಯ. 2021ರಲ್ಲಿ ಕೇಂದ್ರದ ನಿಯಮ ಬಂತಲ್ಲ, 50 ವರ್ಷ ದಾಟಿದ ವಾಹನಕ್ಕೆ. ದೊಡ್ಡ ಬದಲಾವಣೆ ಮಾಡಿರಬಾರದು ಅಂತ ಅದರಲ್ಲಿ ಉಂಟು.

ಮಂಜೇಶ್ವರ ಹೆರಾಲ್ಡ್

ಮಾಷ್ಟ್ರೇ, ಅದರಲ್ಲಿ ಹೇಳಿದ್ದು ಚಾಸಿಸ್, ಬಾಡಿ, ಇಂಜಿನ್‌ನಂಥ ದೊಡ್ಡ ಬದಲಾವಣೆ. ಡಿಸ್ಟ್ರಿಬ್ಯೂಟರಿನ ಒಳಗಿನ ಮಾಡ್ಯೂಲ್ ಹೊರಗೆ ಕಾಣುವುದೂ ಇಲ್ಲ, ಎರಡು ವೈರ್ ಬಿಟ್ಟರೆ. ಮತ್ತೆ ಇವರ ಕಾರಿಗೆ 50 ಆಗುವುದು 2028ಕ್ಕೆ. ಆ ರಿಜಿಸ್ಟ್ರೇಷನ್ ಮಾಡಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಬಿಟ್ಟು ದಿನದ ಓಡಾಟಕ್ಕೆ ರಸ್ತೆಗೆ ಇಳಿಸುವ ಹಾಗಿಲ್ಲ. ಪೇಟೆಗೆ ಸಾಮಾನು ತರಲು ಹೋಗುವವರಿಗೆ ಅದು ಎಂತಕ್ಕೆ?

ಪೆರ್ಲದ ಮಾರ್ಕ್ ತ್ರೀ

ಎಲ್ಲರಿಗೂ ಧನ್ಯವಾದ. ಬೈರಾಸು ಹಾಕಿ ನೋಡಿದೆ, ಬೈರಾಸಿಗೆ ಆಯಿಲ್ ಹಿಡಿದದ್ದು ಬಿಟ್ಟರೆ ಬೇರೆ ಬದಲಾವಣೆ ಇಲ್ಲ. ಮನೆಯಲ್ಲಿ ಅದಕ್ಕೆ ಬೈಗುಳ ಬೇರೆ. ನೆಗೆಟಿವ್ ಅರ್ಥ್ ಹೌದು. ಕಾಯಿಲ್ ಮೀಟರಿನಲ್ಲಿ 3.1 ಓಮ್ ತೋರಿಸಿತು.

ಉಪ್ಪಳದ ತಮ್ಮ ಹೇಳಿದ್ದು ಸರಿ ಅನ್ನಿಸಿ ನಿನ್ನೆ ರಾತ್ರಿ ಕಿಟ್ ಆರ್ಡರ್ ಮಾಡಿಬಿಟ್ಟೆ. ಹತ್ತು ಹದಿನೈದು ದಿನ ಆಗಬಹುದು.

ಉಪ್ಪಳದ ಹುಡುಗ, ಈಗ ಬೆಂಗಳೂರು

ಸೂಪರ್! ಪ್ಲಗ್ ವೈರ್ ಬರೀ ತಾಮ್ರದ್ದು ಇದ್ದರೆ ರೆಸಿಸ್ಟರ್ ಇರುವ ವೈರ್ ಹಾಕಿ. ತಾಮ್ರದ ವೈರಿನ ಗದ್ದಲ ಕೆಲವು ಮಾಡ್ಯೂಲ್‌ಗಳ ತಲೆ ಕೆಡಿಸುತ್ತದೆ. ಟೈಮಿಂಗ್ ಪುನಃ ಇಡಬೇಕು, ಸ್ಟ್ರೋಬ್ ಗನ್ ಇದ್ದರೆ ಒಳ್ಳೆಯದು. ಬಲ್ಬ್ ಇಟ್ಟು ಪಾಯಿಂಟ್ ತೆರೆಯುವ ಹೊತ್ತು ನೋಡುವ ಹಳೆ ಉಪಾಯ ಕಿಟ್‌ಗಳಿಗೆ ಸರಿ ಬರುವುದಿಲ್ಲ.

ಮುಳ್ಳೇರಿಯ ಜೀಪು

ನಾನು ಈಗ ನೋಡಿದ್ದು. ತೋಟದಲ್ಲಿ ಸ್ಪ್ರಿಂಕ್ಲರ್ ಕೆಲಸ ಇತ್ತು.

ಇಷ್ಟು ಜನ ಇಷ್ಟು ಬರೆದಿದ್ದೀರಿ, ಮೊದಲನೆಯ ಪೋಸ್ಟನ್ನು ಯಾರಾದರೂ ಸರಿಯಾಗಿ ಓದಿದ್ದೀರಾ? ಪೆರ್ಲದವರು ಎಂತ ಹೇಳಿದ್ದು? ನಿಂತಲ್ಲಿ ಸರಿ. ಏರಿನಲ್ಲಿ ಒತ್ತಿ ಹಿಡಿದರೆ ಸರಿ. ಸಮ ರಸ್ತೆಯಲ್ಲಿ ಹಗುರಕ್ಕೆ ಹೋಗುವಾಗ ಮಾತ್ರ ಮಿಸ್ಸಿಂಗ್. ಪಾಯಿಂಟ್ ಸುಟ್ಟಿದ್ದರೆ, ಕಂಡೆನ್ಸರ್ ಹೋಗಿದ್ದರೆ, ಪೆಟ್ರೋಲ್ ಬರದಿದ್ದರೆ ಮೊದಲು ಸಾಯುವುದು ಏರಿನಲ್ಲಿ. ಅಲ್ವಾ? ಇದು ಉಲ್ಟಾ.

ಕಾರ್ಬೊರೇಟರಿನಿಂದ ಒಂದು ಸಪೂರ ಪೈಪ್ ಬಂದು ಡಿಸ್ಟ್ರಿಬ್ಯೂಟರಿನ ಬದಿಯ ತಟ್ಟೆಯಂಥ ಡಬ್ಬಿಗೆ ಸೇರುತ್ತದೆ. ವ್ಯಾಕ್ಯೂಮ್ ಅಡ್ವಾನ್ಸ್, ಅಂದರೆ ಇಂಜಿನಿನ ಎಳೆತದಿಂದ ಕಿಡಿಯ ಹೊತ್ತನ್ನು ಮುಂದಕ್ಕೆ ತರುವುದು. ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಅದರಲ್ಲಿ ಎಳೆತ ಇಲ್ಲ. ಐಡ್ಲಿಂಗ್‌ನಲ್ಲಿಯೂ ಇಲ್ಲ, ಥ್ರಾಟಲ್ ಮುಚ್ಚಿರುವಾಗ ಆ ತೂತು ಮರೆಯಲ್ಲಿರುತ್ತದೆ. ಸ್ವಲ್ಪ ತೆರೆದು ಹಗುರಕ್ಕೆ ಹೋಗುವಾಗಲೇ ಎಳೆತ ಜಾಸ್ತಿ. ಆಗ ಪಾಯಿಂಟ್ ಕೂತ ಪ್ಲೇಟ್ ಸ್ವಲ್ಪ ತಿರುಗುತ್ತದೆ. ತಿರುಗುವಾಗ ಎರಡು ವೈರ್ ಅದರ ಜೊತೆ ಬಾಗುತ್ತವೆ. ಒಂದು ಹೊರಗಿನಿಂದ ಪಾಯಿಂಟಿಗೆ ಬರುವುದು. ಇನ್ನೊಂದು ತಿರುಗುವ ಪ್ಲೇಟಿನಿಂದ ಕೆಳಗಿನ ಪ್ಲೇಟಿಗೆ ಹೋಗುವ ಗೇಣಿನ ಕಾಲು ಭಾಗ ಉದ್ದದ ಅರ್ಥ್ ವೈರ್. 45 ವರ್ಷ ಬಾಗಿ ಬಾಗಿ ಒಳಗೆ ಎಳೆ ಕಡಿದಿರುತ್ತದೆ. ಮೇಲಿನ ಬಟ್ಟೆ ಹೊದಿಕೆ ಮಾತ್ರ ಗಟ್ಟಿ, ಕಣ್ಣಿಗೆ ಏನೂ ಕಾಣುವುದಿಲ್ಲ.

ಆ ವ್ಯಾಕ್ಯೂಮ್ ಪೈಪ್ ಡಿಸ್ಟ್ರಿಬ್ಯೂಟರ್ ಕಡೆಯಿಂದ ತೆಗೆಯಿರಿ. ಬಾಯಿಗೆ ಒಂದು ಸ್ಕ್ರೂ ಸಿಕ್ಕಿಸಿ ಗಾಳಿ ಎಳೆಯದ ಹಾಗೆ ಮಾಡಿ. ಬದಿಯಡ್ಕದವರೆಗೆ ಹೋಗಿ ಬನ್ನಿ. ಮಿಸ್ಸಿಂಗ್ ಹೋದರೆ ವೈರೇ ಕಳ್ಳ. ಪಿಕಪ್ ಸ್ವಲ್ಪ ಮಂದ ಅನ್ನಿಸಬಹುದು, ಹೆದರಬೇಡಿ.

ಇನ್ನೊಂದು ಮಾತು. ಪ್ರತಿ ಸಲ ಪಾಯಿಂಟ್ ಉಜ್ಜಿದಾಗ ಕಾರು ಸರಿಯಾದದ್ದು ಉಜ್ಜಿದ್ದರಿಂದ ಆಗಿರಲಿಕ್ಕಿಲ್ಲ. ನಿಮ್ಮ ಕೈ ತಾಗಿ ಆ ವೈರ್ ಅಲ್ಲಾಡಿ ಎರಡು ದಿನ ಕೂಡಿಕೊಂಡದ್ದು.

ಕುಂಬಳೆ ವೈರಿಂಗ್

ಛೆ. ಇದು ನನಗೆ ಹೊಳೆಯಬೇಕಿತ್ತು. ಜೀಪಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಿಟ್ ಜಗಳದಲ್ಲಿ ರೋಗ ನೋಡುವುದೇ ಮರೆತುಹೋಯಿತು.

ಮತ್ತೆ ಉಪ್ಪಳದ ತಮ್ಮಾ, ಕೇಳು. ಈ ಕಿಟ್ ಕೂರುವುದು ಅದೇ ತಿರುಗುವ ಪ್ಲೇಟಿನ ಮೇಲೆ. ಅದಕ್ಕೆ ಅರ್ಥ್ ಸಿಗುವುದೂ ಅದೇ ವೈರಿನಿಂದ. ಅರ್ಥ್ ಕಡಿದಿದ್ದರೆ ಕಿಟ್ ಹಾಕಿದರೂ ಇದೇ ಮಿಸ್ಸಿಂಗ್. ಇವರು ಕಿಟ್ ಹಾಳು ಅಂತ ವಾಪಸ್ ಕಳಿಸುತ್ತಿದ್ದರು.

ಉಪ್ಪಳದ ಹುಡುಗ, ಈಗ ಬೆಂಗಳೂರು

ಈ ಒಂದು ವಿಷಯದಲ್ಲಿ ಸೋತೆ. ಕಿಟ್ ಒಳ್ಳೆಯದು ಅನ್ನುವುದರಲ್ಲಿ ಸೋತಿಲ್ಲ.

ಬೇಳದ ಪದ್ಮಿನಿ

ಜೀಪಣ್ಣ, ನೀವು ಸ್ಪ್ರಿಂಕ್ಲರ್ ಬಿಟ್ಟು ಎರಡು ದಿನ ಮೊದಲು ಬಂದಿದ್ದರೆ ಒಂದು ಬೈರಾಸು ಉಳಿಯುತ್ತಿತ್ತು.

ಪೆರ್ಲದ ಮಾರ್ಕ್ ತ್ರೀ

ಹೋಗಿ ಬಂದೆ. ಪೈಪ್ ತೆಗೆದು, ಬಾಯಿಗೆ ಸ್ಕ್ರೂ ಹಾಕಿ, ಬದಿಯಡ್ಕ ದಾಟಿ ಸೀದಾ ಚೆರ್ಕಳದವರೆಗೆ. ಒಂದು ಕೆಮ್ಮು ಇಲ್ಲ! ನಿಂತು ಚಾ ಕುಡಿದು ವಾಪಸ್ ಬಂದೆ.

ಮನೆಗೆ ಬಂದು ಮಗನನ್ನು ಕರೆದೆ. ಅವನ ಕೈಯಲ್ಲಿ ಮೀಟರ್ ಕೊಟ್ಟು ಒಂದು ಕಡ್ಡಿ ಪಾಯಿಂಟಿನ ಪ್ಲೇಟಿಗೆ, ಇನ್ನೊಂದು ಬ್ಯಾಟರಿಯ ಮೈನಸ್‌ಗೆ ಹಿಡಿಯಲು ಹೇಳಿದೆ. ಮೀಟರ್ 0.3 ಓಮ್ ತೋರಿಸುತ್ತಿತ್ತು. ಒಂದು ಸಣ್ಣ ರಬ್ಬರ್ ಟ್ಯೂಬ್ ವ್ಯಾಕ್ಯೂಮ್ ಡಬ್ಬಿಗೆ ಸಿಕ್ಕಿಸಿ ನಾನು ಬಾಯಿಯಲ್ಲಿ ಎಳೆದೆ. ಪ್ಲೇಟ್ ಟಕ್ ಅಂತ ತಿರುಗಿತು. ಮೀಟರ್ 0.3ರಿಂದ 40ಕ್ಕೆ ಹಾರಿ, ಏನೋ ಲೆಕ್ಕ ತಪ್ಪಿದ ಹಾಗೆ ಕುಣಿದು, ಪೂರ್ತಿ ಓಪನ್ ತೋರಿಸಿತು. ಬಿಟ್ಟೆ, ಪುನಃ 0.3. ಎಳೆದೆ, ಓಪನ್. ಮಗನಿಗೆ ಇದು ಭಾರೀ ಗಮ್ಮತ್ತು, ಹತ್ತು ಸಲ ಎಳೆಸಿದ. ಬಾಯಿ ಪೂರಾ ಪೆಟ್ರೋಲ್ ವಾಸನೆ.

ವೈರ್ ಬಿಚ್ಚಿ ನೋಡಿದರೆ ಜೀಪಣ್ಣ ಹೇಳಿದ ಹಾಗೆಯೇ. ಕಂದು ಬಣ್ಣದ ನೂಲಿನ ಹೊದಿಕೆ, ಹೊರಗೆ ಒಂದು ಗೀರೂ ಇಲ್ಲ. ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆದಾಗ ಹೊದಿಕೆ ರಬ್ಬರಿನ ಹಾಗೆ ಉದ್ದ ಆಯಿತು. ಕತ್ತರಿಸಿ ನೋಡಿದೆ. ಒಳಗೆ ತಾಮ್ರದ ಎಳೆ ಎರಡು ತುಂಡು. ತುದಿಗಳು ಕಪ್ಪು.

ಇದಕ್ಕೆ ಯಾವ ವೈರ್ ಹಾಕಲಿ? ಮನೆಯಲ್ಲಿ ಸಾಮಾನ್ಯ ಆಟೋ ವೈರ್ ಉಂಟು.

ಮುಳ್ಳೇರಿಯ ಜೀಪು

ಅದು ಬೇಡ, ಗಟ್ಟಿ ಆಯಿತು. ಪ್ಲೇಟ್ ತಿರುಗಲು ಬಿಡುವುದಿಲ್ಲ, ಸ್ವಲ್ಪ ಸಮಯದಲ್ಲಿ ಕಡಿದೂ ಹೋಗುತ್ತದೆ. ಹಳೆ ಮಲ್ಟಿಮೀಟರ್ ಇದ್ದರೆ ಅದರ ಪ್ರೋಬಿನ ವೈರ್ ಕತ್ತರಿಸಿ. ಒಳಗೆ ಕೂದಲಿನಷ್ಟು ಸಪೂರ ಎಳೆಗಳು ತುಂಬ ಇರುತ್ತವೆ, ಎಷ್ಟು ಬಾಗಿಸಿದರೂ ಬೇಜಾರಿಲ್ಲ. ಬೆಸುಗೆ ಹಾಕುವಾಗ ಸೀಸ ವೈರಿನ ಒಳಗೆ ಜಾಸ್ತಿ ಹರಿಯದ ಹಾಗೆ ನೋಡಿ. ಹರಿದಲ್ಲಿ ವೈರ್ ಕಡ್ಡಿ ಆಗುತ್ತದೆ, ಅಲ್ಲಿಯೇ ಮುರಿಯುವುದು. ಹೊರಗಿನಿಂದ ಪಾಯಿಂಟಿಗೆ ಬರುವ ಇನ್ನೊಂದನ್ನೂ ಬದಲಾಯಿಸಿ, ಅದಕ್ಕೂ ಅಷ್ಟೇ ಪ್ರಾಯ.

ಡಿಸ್ಟ್ರಿಬ್ಯೂಟರ್ ಬಿಚ್ಚಿದ್ದೀರಿ ಅಂತ ಆದರೆ ಶಾಫ್ಟ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿ ನೋಡಿ. ಆಟ (ಸಡಿಲ) ಇದ್ದರೆ ಶಾಫ್ಟ್ ಕೂರುವ ಬುಷ್ ಸವೆದಿದೆ. ಆಟ ಇದ್ದರೆ ನೀವು ನಾಲ್ಕು ಬ್ಲೇಡ್ ಅಲ್ಲ, ನಲವತ್ತು ಬ್ಲೇಡ್ ಇಟ್ಟರೂ ಒಂದು ಸಿಲಿಂಡರಿಗೆ ಒಂದು ಗ್ಯಾಪ್, ಇನ್ನೊಂದಕ್ಕೆ ಇನ್ನೊಂದು. ಲೇತ್‌ನವರು ಬುಷ್ ತಿರುಗಿಸಿ ಕೊಡುತ್ತಾರೆ.

ಪೆರ್ಲದ ಮಾರ್ಕ್ ತ್ರೀ

ಅಲ್ಲಾಡಿಸಿದೆ. ಸ್ವಲ್ಪ ಉಂಟು. ಕಣ್ಣಿಗೆ ಕಾಣುವಷ್ಟು ಇಲ್ಲ, ಬೆರಳಿಗೆ ಗೊತ್ತಾಗುವಷ್ಟು.

ಉಪ್ಪಳದ ಹುಡುಗ, ಈಗ ಬೆಂಗಳೂರು

ಬಂತು ನೋಡಿ. ಶಾಫ್ಟ್ ಸ್ವಲ್ಪ ಆಡಿದರೆ ಪಾಯಿಂಟಿಗಿಂತ ಅಯಸ್ಕಾಂತದ ಕಿಟ್ ಚೆನ್ನಾಗಿ ತಡೆದುಕೊಳ್ಳುತ್ತದೆ. ಗ್ಯಾಪಿನ ಪ್ರಶ್ನೆಯೇ ಇಲ್ಲವಲ್ಲ.

ಕುಂಬಳೆ ವೈರಿಂಗ್

ಅದು ಹೌದು. ಒಪ್ಪುತ್ತೇನೆ. ಆದರೆ ಬುಷ್ ಹಾಕಿಸಿ ಆಮೇಲೆ ಏನು ಬೇಕಾದರೂ ಹಾಕಿ.

ಹೊಸಂಗಡಿ ಸ್ಕೂಟರ್

ವೈರಿಂಗಣ್ಣ "ಅದು ಹೌದು" ಅಂದದ್ದರ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಪೆರ್ಲದ ಮಾರ್ಕ್ ತ್ರೀ

ಮೂರು ವಾರ ಕಳೆದು ಬರೆಯುತ್ತಿದ್ದೇನೆ. ಎರಡೂ ವೈರ್ ಪ್ರೋಬಿನ ವೈರಿನಿಂದ ಹೊಸತು ಮಾಡಿದೆ. ಬುಷ್ ಲೇತ್‌ನಲ್ಲಿ ಹಾಕಿಸಿದೆ, ಶಾಫ್ಟ್ ಈಗ ಗಟ್ಟಿ. ಪಾಯಿಂಟ್ ಹಳೆಯದೇ, ಗ್ಯಾಪ್ 0.38. ವ್ಯಾಕ್ಯೂಮ್ ಪೈಪ್ ವಾಪಸ್ ಕೂರಿಸಿದೆ. ಮಧೂರಿಗೆ ಹೋಗಿ ಬಂದಾಯಿತು, ಆಟಕ್ಕೆ ಹೋಗಿ ಬೆಳಿಗ್ಗೆ ಐದಕ್ಕೆ ವಾಪಸ್ ಬಂದಾಯಿತು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದರು. ಅವರು ಈ ಕಾರಿನಲ್ಲಿ ನಿದ್ದೆ ಮಾಡದೆ ಒಂದು ವರ್ಷ ಆಗಿತ್ತು.

ಕಿಟ್ ಮೊನ್ನೆ ಪೋಸ್ಟಿನಲ್ಲಿ ಬಂತು. ಕಟ್ಟು ಒಡೆದಿಲ್ಲ. ಹಾಕಲಾ, ಇಡಲಾ?

ಮಂಜೇಶ್ವರ ಹೆರಾಲ್ಡ್

ಹಾಕಿ, ತೆಗೆದ ಪಾಯಿಂಟ್ ಡ್ಯಾಶ್‌ಬೋರ್ಡಿನಲ್ಲಿ ಇಡಿ.

ಬೇಳದ ಪದ್ಮಿನಿ

ಇಡಿ. ಬ್ಲೇಡ್ ಬೇಕಾದರೆ ನಾನು ಕೊಡುತ್ತೇನೆ.

ಮುಳ್ಳೇರಿಯ ಜೀಪು

ಓಡುವ ಕಾರಿನ ಡಿಸ್ಟ್ರಿಬ್ಯೂಟರ್ ಮಳೆಗಾಲ ಎದುರಿಗೆ ಇಟ್ಟುಕೊಂಡು ಬಿಚ್ಚಬೇಡಿ. ಮಳೆಯಲ್ಲಿ ತೊಂದರೆ ಕೊಡುವುದು ಕ್ಯಾಪ್ ಮತ್ತು ಪ್ಲಗ್ ವೈರ್, ಅದು ಪಾಯಿಂಟಿಗೂ ಒಂದೇ, ಕಿಟ್‌ಗೂ ಒಂದೇ. ಕ್ಯಾಪಿನ ಒಳಗೆ ಕೂದಲೆಳೆಯ ಹಾಗೆ ಕಪ್ಪು ಗೆರೆ ಬಿದ್ದಿದೆಯಾ ನೋಡಿ, ಬಿದ್ದಿದ್ದರೆ ಬದಲಾಯಿಸಿ. ಕಿಟ್ ನವರಾತ್ರಿ ಹೊತ್ತಿಗೆ ನೋಡುವ.

ಅಥವಾ ನನ್ನ ಜೀಪಿಗೆ ಕೊಡುತ್ತೀರಾ? ಅರ್ಧ ಕ್ರಯಕ್ಕೆ?

ಕುಂಬಳೆ ವೈರಿಂಗ್

ನಿಮ್ಮ ಜೀಪ್ ಯುದ್ಧಕಾಲದ್ದಲ್ವಾ, 6 ವೋಲ್ಟಿಂದು? ಈ ಕಿಟ್ 12ರದ್ದು.

ಮುಳ್ಳೇರಿಯ ಜೀಪು

ಹೌದು ಮಾರಾಯ್ರೆ. ಮರೆತೇ ಹೋಯಿತು.

ಹೊಸಂಗಡಿ ಸ್ಕೂಟರ್

ಇದರ ಸ್ಕ್ರೀನ್‌ಶಾಟ್ ಕೂಡ ತೆಗೆದೆ.